ಪುಷ್ಯ ಮಳೆ ದಾಟಿಸಿದರೆ ಜೇನು ನಿಮ್ಮದು

ಏಪ್ರಿಲ್ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಜೇನುಪೆಟ್ಟಿಗೆ ಇಟ್ಟವರನ್ನು ಎಲ್ಲರೂ ಕೇಳುವುದು ಒಂದೇ: "ಎಷ್ಟು ಕೆಜಿ ಬಂತು ಮಾರಾಯ್ರೆ?" ಜುಲೈನಲ್ಲಿ ಪುಷ್ಯ ಮಳೆ ಹೆಂಚಿನ ಮೇಲೆ ಹೊಡೆಯುತ್ತಿರುವಾಗ "ಪೆಟ್ಟಿಗೆಯಲ್ಲಿ ನೊಣ ಉಂಟಾ?" ಅಂತ ಒಬ್ಬರೂ ಕೇಳುವುದಿಲ್ಲ. ಮಲೆನಾಡಿನಲ್ಲಿ ಜೇನು ಸಾಕಣೆ ನಿಲ್ಲುವುದೋ ಬೀಳುವುದೋ ಈ ಎರಡನೇ ಪ್ರಶ್ನೆಯ ಮೇಲೆ.

ನಾನು ಇದನ್ನು ಕಲಿತದ್ದು ಪೆಟ್ಟಿಗೆ ಖಾಲಿ ಮಾಡಿಕೊಂಡು. ಮೊದಲ ವರ್ಷ ನಾಲ್ಕು ಪೆಟ್ಟಿಗೆ ಇಟ್ಟಿದ್ದೆ. ಮೇ ಕೊನೆಗೆ, ಮಳೆ ಹಿಡಿಯುವುದರೊಳಗೆ ಮುಗಿಸಿಬಿಡೋಣ ಎಂದು ಇದ್ದಬದ್ದ ಜೇನುತುಪ್ಪವನ್ನೆಲ್ಲ ತೆಗೆದೆ. ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಸಂಸಾರ ಕೋಣೆಯಲ್ಲಿ, ಎರಿಗಳ (ಮೇಣದ ತಟ್ಟಿಗಳ) ನೆತ್ತಿಯಲ್ಲಿ ನೊಣಗಳು ತಮಗಾಗಿ ಇಟ್ಟುಕೊಂಡಿದ್ದನ್ನೂ ಬಿಡಲಿಲ್ಲ. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಮೂರು ಪೆಟ್ಟಿಗೆಯಲ್ಲಿ ಸದ್ದಿಲ್ಲ. ಮುಚ್ಚಳ ತೆಗೆದರೆ ಎರಿ ತುಂಬ ಬಿಳಿ ಬಲೆ, ಅದರೊಳಗೆ ಮೇಣದ ಹುಳು ಹರಿದಾಡುತ್ತಿತ್ತು. ಆವತ್ತಿನಿಂದ ನನ್ನ ಲೆಕ್ಕ ಶುರುವಾಗುವುದು ಆಷಾಢದಿಂದ. ಹೊಸದಾಗಿ ಇಡುವವರು ಕೇಳುವ ಪ್ರಶ್ನೆಗಳಿಗೂ ಅದೇ ಲೆಕ್ಕದಲ್ಲಿ ಉತ್ತರ ಹೇಳುತ್ತೇನೆ.

ಯಾವ ಜೇನು ಸಾಕುವುದು?

ನಮ್ಮ ಕಣ್ಣಿಗೆ ಬೀಳುವುದು ಮುಖ್ಯವಾಗಿ ನಾಲ್ಕು ಜಾತಿ. ಎತ್ತರದ ಮರಕ್ಕೆ, ಕಟ್ಟಡದ ಸಜ್ಜಕ್ಕೆ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನನ್ನು ಸಾಕಲು ಆಗುವುದಿಲ್ಲ. ಬೇಲಿಯ ಕಡ್ಡಿಗೆ ಅಂಗೈ ಅಗಲದ ಎರಿ ಕಟ್ಟುವ ಕೋಲುಜೇನನ್ನೂ ಪೆಟ್ಟಿಗೆಗೆ ಒಗ್ಗಿಸಲಾಗದು. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆ ಮಾಡಿಕೊಳ್ಳುವ ಮಿಸರಿ ಕುಟುಕುವುದಿಲ್ಲ, ಆದರೆ ಅದರ ತುಪ್ಪ ಔಷಧಿಗೆ ಇಟ್ಟುಕೊಳ್ಳುವಷ್ಟೇ ಸಿಗುತ್ತದೆ. ಉಳಿದದ್ದು ತುಡುವೆ. ಪೊಟರೆಯಲ್ಲಿ, ಹುತ್ತದಲ್ಲಿ, ಕತ್ತಲಿರುವ ಕಡೆ ಸಾಲಾಗಿ ಹಲವು ಎರಿ ಕಟ್ಟುವ ಜಾತಿ ಇದು, ಪೆಟ್ಟಿಗೆಗೆ ಬರುವುದು ಅದೇ ಕಾರಣಕ್ಕೆ. ಹಾಸನದ ಬಯಲು ಸೀಮೆಯಲ್ಲಿ ಲಾರಿಯಲ್ಲಿ ತಂದಿಳಿಸುವ ಸಾಲು ಪೆಟ್ಟಿಗೆ ನೋಡಿರಬಹುದು. ಅದು ಯುರೋಪಿನ ಮೆಲ್ಲಿಫೆರಾ. ತುಪ್ಪ ಜಾಸ್ತಿ, ಆದರೆ ಹೂವು ಹುಡುಕಿಕೊಂಡು ಊರೂರು ಸಾಗಿಸಬೇಕು. ನಮ್ಮ ಮಳೆಗೆ, ನಮ್ಮ ಎರಡು ಮೂರು ಎಕರೆ ತೋಟಕ್ಕೆ ತುಡುವೆಯೇ ಸರಿ.

ತುಡುವೆಗೆ ಒಂದು ಗುಣವಿದೆ, ಮೊದಲೇ ಹೇಳಿಬಿಡುತ್ತೇನೆ: ಬೇಸರವಾದರೆ ಎದ್ದು ಹೋಗುತ್ತದೆ. ಹಸಿವು, ಇರುವೆ, ಮೇಣದ ಹುಳು, ದಿನಾ ಮುಚ್ಚಳ ತೆಗೆದು ನೋಡುವ ಯಜಮಾನ, ಇವುಗಳಲ್ಲಿ ಯಾವುದು ಮಿತಿಮೀರಿದರೂ ರಾಣಿ ಸಮೇತ ಜಾಗ ಖಾಲಿ. 1991ರ ಸುಮಾರಿಗೆ ಕೇರಳದಿಂದ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ಸತ್ತವು. ನಮ್ಮ ಕಡೆ ಹಳೇ ಮನೆಗಳ ಅಟ್ಟದಲ್ಲಿ ಇವತ್ತಿಗೂ ಖಾಲಿ ಪೆಟ್ಟಿಗೆ ಸಿಗುವುದು ಹೆಚ್ಚಾಗಿ ಆ ಕಾಲದವು.

ಪೆಟ್ಟಿಗೆ ಮತ್ತು ಜಾಗ

1910ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ನ್ಯೂಟನ್ ಎಂಬ ಪಾದ್ರಿ ನಮ್ಮ ಸಣ್ಣ ನೊಣಕ್ಕೆಂದೇ ರೂಪಿಸಿದ ಪೆಟ್ಟಿಗೆಯ ಮಾದರಿಯೇ ಇಂದಿಗೂ ಇಲ್ಲಿ ಬಳಕೆಯಲ್ಲಿದೆ. ಕೆಳಗೆ ಅಡಿಮಣೆ, ಅದರ ಮೇಲೆ ಸಂಸಾರ ಕೋಣೆ, ಅದರ ಮೇಲೆ ಗಿಡ್ಡನೆಯ ಜೇನುಕೋಣೆ, ಆಮೇಲೆ ಮುಚ್ಚಳ. ಊರ ಬಡಗಿಯ ಕೈಲಿ ಮಾಡಿಸುವವರು ಮರದ ಬಗ್ಗೆ ಹತ್ತು ಮಾತಾಡುತ್ತಾರೆ, ಸಂದಿಯ ಬಗ್ಗೆ ಒಂದೂ ಇಲ್ಲ. ಹಲಸಾಗಲಿ ತೇಗವಾಗಲಿ, ಎರಿಯಿಂದ ಎರಿಗೆ, ಎರಿ ಕಟ್ಟಲು ಒಳಗೆ ತೂಗುಹಾಕುವ ಮರದ ಚೌಕಟ್ಟಿನಿಂದ ಗೋಡೆಗೆ ನೊಣ ಓಡಾಡುವ ಸಂದಿ ಸುಮಾರು 7ರಿಂದ 9 ಮಿಲಿಮೀಟರ್ ಇರಬೇಕು. ಜಾಸ್ತಿಯಾದರೆ ಆ ಜಾಗದಲ್ಲೂ ಎರಿ ಕಟ್ಟಿ ಎಲ್ಲ ಒಂದಕ್ಕೊಂದು ಅಂಟಿಸಿಬಿಡುತ್ತವೆ. ಮುಂದೆ ಒಂದು ಚೌಕಟ್ಟು ಎತ್ತಿದರೆ ಪಕ್ಕದ ಎರಡು ಹರಿಯುತ್ತವೆ. ಒಂದು ಒಳ್ಳೆಯ ಪೆಟ್ಟಿಗೆ ತಂದು ಬಡಗಿಯ ಮುಂದಿಟ್ಟು "ಇದರ ಹಾಗೇ" ಅನ್ನುವುದು ಕ್ಷೇಮ. ಬಣ್ಣ ಹೊಡೆಯುವುದಾದರೆ ಹೊರಗಡೆ ಮಾತ್ರ.

ಬೆಳಗಿನ ಬಿಸಿಲು ಬಾಗಿಲಿಗೆ ಬೀಳಬೇಕು, ಮಧ್ಯಾಹ್ನ ನೆರಳಿರಬೇಕು. ಎರಡು ಅಡಿ ಎತ್ತರದ ಸ್ಟ್ಯಾಂಡು, ಕಾಲುಗಳ ಕೆಳಗೆ ನೀರಿನ ಬಟ್ಟಲು. ಬಟ್ಟಲಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಒಂದು ಸಿಲ್ವರ್ ಓಕ್ ಎಲೆ ಬಿದ್ದು ಬಟ್ಟಲಿಗೂ ನೆಲಕ್ಕೂ ಸೇತುವೆಯಾದರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಕಟ್ಟಿರುವೆ ಒಳಗಿರುತ್ತದೆ. ಪೆಟ್ಟಿಗೆ ಮುಂದೆ ದನ ಕಟ್ಟಬೇಡಿ, ಕಾಫಿ ಒಣಗಿಸುವ ಕಣಕ್ಕೆ ಬಾಗಿಲು ಮಾಡಬೇಡಿ, ಮನೆಯ ದೀಪದ ಬೆಳಕು ರಾತ್ರಿ ನೇರ ಬೀಳದಂತೆ ನೋಡಿ. ಒಮ್ಮೆ ಇಟ್ಟ ಮೇಲೆ ಮನಸ್ಸು ಬಂದಂತೆ ಹತ್ತು ಮಾರು ಆಚೆ ಇಡುವಂತಿಲ್ಲ. ಹೊರಗೆ ಹೋದ ನೊಣ ಹಳೇ ಜಾಗಕ್ಕೇ ಬಂದು ಸುತ್ತುತ್ತದೆ. ದಿನಕ್ಕೆ ಒಂದೆರಡು ಅಡಿ ಸರಿಸಿ, ಇಲ್ಲವೇ ರಾತ್ರಿ ಬಾಗಿಲು ಮುಚ್ಚಿ ಎರಡು ಮೂರು ಕಿಲೋಮೀಟರ್ ಆಚೆ ಒಯ್ಯಿರಿ.

ನೊಣ ಎಲ್ಲಿಂದ ತರುವುದು, ಯಾವಾಗ?

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ. ಮಾರ್ಚಿನಲ್ಲಿ ಕಾಫಿ ಹೂ ನೋಡಿ ಆಸೆಯಾಗಿ ಕೊಂಡವರಿಗೆ ಕುಟುಂಬ ಬೆಳೆಸಲು ಸಮಯವೇ ಸಿಗುವುದಿಲ್ಲ, ಎರಡು ತಿಂಗಳಲ್ಲಿ ಮಳೆ ಬಂದಿರುತ್ತದೆ.

ಕೊಳ್ಳುವುದಾದರೆ ಮುಚ್ಚಳ ತೆಗೆಸಿ ನೋಡದೆ ದುಡ್ಡು ಕೊಡಬೇಡಿ. ನಾಲ್ಕೈದು ಎರಿಯ ಎರಡೂ ಮೈ ನೊಣದಿಂದ ಮುಚ್ಚಿರಬೇಕು, ಎರಿಯ ಪುಟ್ಟ ಗೂಡುಗಳಲ್ಲಿ, ಅಂದರೆ ಕಣಗಳಲ್ಲಿ, ಮೊಟ್ಟೆ ಕಾಣಬೇಕು. ಖಾಲಿ ಪೆಟ್ಟಿಗೆಯ ಒಳಗೋಡೆಗೆ ಜೇನುಮೇಣ ಕರಗಿಸಿ ಸವರಿ ತೋಟದ ಮರದ ಕವಲಿಗೆ ಕಟ್ಟುವುದು ಇನ್ನೊಂದು ದಾರಿ. ಹಳೇ ಗೂಡಿನಿಂದ ಪಾಲಾಗಿ, ಅಂದರೆ ಬೇರೆಯಾಗಿ ಬಂದ ಹಿಂಡು ತಾನಾಗಿ ಕೂರುತ್ತದೆ. ಕೂರದೆಯೂ ಇರಬಹುದು. ನನಗೆ ಐದು ಕಟ್ಟಿದರೆ ಎರಡಕ್ಕೆ ಬರುತ್ತದೆ.

ಹುತ್ತದಿಂದ ಹಿಡಿಯುವ ಕೆಲಸವನ್ನು ಮೊದಲ ಸಲ ಒಬ್ಬರೇ ಮಾಡಬೇಡಿ. ಹುತ್ತದಲ್ಲಿ ಜೇನಿನ ಜೊತೆ ಇನ್ನಾರಿದ್ದಾರೋ ಗೊತ್ತಿರುವುದಿಲ್ಲ, ಆ ಹುತ್ತಕ್ಕೆ ಪಂಚಮಿಗೆ ಹಾಲೆರೆಯುವ ಮನೆಯವರು ಬೇರೆ ಇರುತ್ತಾರೆ, ಕೇಳಿಯೇ ಕೈ ಹಾಕಬೇಕು. ಸಂಜೆಯ ಹೊತ್ತು ಸ್ವಲ್ಪ ಹೊಗೆ ಕೊಟ್ಟು, ಮರಿ ಇರುವ ಎರಿಗಳನ್ನು ಒಂದೊಂದಾಗಿ ಕೊಯ್ದು, ಮೊದಲಿದ್ದ ಮೇಲು ಕೆಳಗು ತಪ್ಪದಂತೆ ಚೌಕಟ್ಟಿಗೆ ಇಟ್ಟು ಬಾಳೆ ನಾರಿನಿಂದ ಕಟ್ಟಬೇಕು. ನಾಲ್ಕು ದಿನದಲ್ಲಿ ನೊಣಗಳೇ ಎರಿಯನ್ನು ಮರಕ್ಕೆ ಬೆಸೆದು ನಾರನ್ನು ಕಡಿದು ಹೊರಗೆ ಹಾಕುತ್ತವೆ. ತುಪ್ಪದ ಎರಿ ಕಟ್ಟಬೇಡಿ, ಭಾರಕ್ಕೆ ಕುಸಿಯುತ್ತದೆ. ರಾಣಿ ಪೆಟ್ಟಿಗೆಗೆ ಬಂದಳೋ ಮಿಕ್ಕವು ಹಿಂದೆಯೇ ಸಾಲು ಹಿಡಿಯುತ್ತವೆ. ಬಾಗಿಲಿಗೆ ರಾಣಿ ಮಾತ್ರ ಹೊರಗೆ ಹೋಗಲಾಗದಂಥ ರಾಣಿಗೇಟು ಹಾಕಿ ಒಂದು ವಾರ ಬಿಡಿ, ಆಮೇಲೆ ತೆಗೆಯಿರಿ.

ಒಳಗೆ ಏನು ನೋಡಬೇಕು?

ಹೊಸಬರು ಮುಚ್ಚಳ ತೆಗೆದ ಕೂಡಲೇ ರಾಣಿಯನ್ನು ಹುಡುಕುತ್ತಾರೆ. ಹುಡುಕಬೇಡಿ, ಮೊಟ್ಟೆ ಹುಡುಕಿ. ಬಿಸಿಲಿರುವ ದಿನ ಹತ್ತು ಹನ್ನೊಂದು ಗಂಟೆಗೆ, ಪೆಟ್ಟಿಗೆಯ ಹಿಂದೆ ನಿಂತು, ಸೂರ್ಯ ನಿಮ್ಮ ಹೆಗಲ ಮೇಲಿಂದ ಎರಿಗೆ ಬೀಳುವಂತೆ ಚೌಕಟ್ಟನ್ನು ಎತ್ತಿ ಹಿಡಿಯಿರಿ. ಪೆಟ್ಟಿಗೆಯ ಮೇಲೆಯೇ ಹಿಡಿಯಿರಿ, ರಾಣಿ ಜಾರಿದರೂ ಒಳಗೇ ಬೀಳಲಿ. ಕಣದ ತಳದಲ್ಲಿ ಬಿಳಿ ದಾರದ ಚೂರಿನಂಥದ್ದು ನಿಂತಿದ್ದರೆ ಅದು ಮೊಟ್ಟೆ. ಮೊಟ್ಟೆ ಒಡೆಯುವುದು ಮೂರು ದಿನಕ್ಕೆ. ಅಂದರೆ ಮೊಟ್ಟೆ ಕಂಡಿತು ಎಂದರೆ ಕಳೆದ ಮೂರು ದಿನದೊಳಗೆ ರಾಣಿ ಇದ್ದಳು, ಹೆಚ್ಚು ಕಮ್ಮಿ ಈಗಲೂ ಇದ್ದಾಳೆ. ಮುಚ್ಚಿ ಮನೆಗೆ ಹೋಗಿ ಕಾಫಿ ಕುಡಿಯಬಹುದು.

ಒಂದು ಕಣಕ್ಕೆ ಒಂದೇ ಮೊಟ್ಟೆ ಇರಬೇಕು. ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದ್ದರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಇಡಲು ಶುರು ಮಾಡಿವೆ. ಅವುಗಳ ಮೊಟ್ಟೆಯಿಂದ ಹುಟ್ಟುವುದು ಗಂಡುನೊಣ ಮಾತ್ರ, ಕುಟುಂಬ ಕರಗುತ್ತಾ ಹೋಗುತ್ತದೆ. ಮೊಟ್ಟೆ ಇಟ್ಟಂದಿನಿಂದ ಕೆಲಸಗಾರ ನೊಣ ಬೆಳೆದು ಕಣದಿಂದ ಹೊರಬರಲು ಸುಮಾರು 20 ದಿನ, ರಾಣಿಗೆ 16, ಗಂಡಿಗೆ 24. ಗಂಡಿನ ಕಣ ಗುರುತಿಸುವುದು ಸುಲಭ: ತುಡುವೆಯಲ್ಲಿ ಅದರ ಮುಚ್ಚಳ ಉಬ್ಬಿರುತ್ತದೆ, ನಟ್ಟನಡುವೆ ಸೂಜಿಯಲ್ಲಿ ಚುಚ್ಚಿದಂತೆ ಒಂದು ತೂತು. ಎಷ್ಟೋ ಜನ ಅದನ್ನು ಹುಳು ಹೊಡೆದದ್ದು ಎಂದು ಹೆದರಿ ಫೋನ್ ಮಾಡುತ್ತಾರೆ.

ನಿಜವಾಗಿ ಹೆದರಬೇಕಾದ್ದು ಬೇರೆ ಇದೆ. ಬೆಳೆದ ಮರಿಹುಳು ಕಣದಲ್ಲಿ ನೆಟ್ಟಗೆ ಮಲಗಿ, ತಲೆ ಮೇಲೆತ್ತಿ ಸತ್ತಿದೆ. ಚಿಮ್ಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಇದೇ ಸ್ಯಾಕ್‌ಬ್ರೂಡ್. ಇದಕ್ಕೆ ಔಷಧಿ ಇಲ್ಲ. ಆ ಪೆಟ್ಟಿಗೆಯ ಎರಿ, ತುಪ್ಪ ಇನ್ನೊಂದಕ್ಕೆ ಹೋಗಬಾರದು, ಕೈ ತೊಳೆಯದೆ ಪಕ್ಕದ ಪೆಟ್ಟಿಗೆ ಮುಟ್ಟಬಾರದು. ರೋಗದ ಎರಿ ತೆಗೆದು, ಕೆಲವು ದಿನ ರಾಣಿಯನ್ನು ಸಣ್ಣ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತವೆ.

ತಪಾಸಣೆ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ಉಳಿದ ದಿನ ಬಾಗಿಲು ನೋಡಿಯೇ ತಿಳಿಯಬಹುದು. ಕಾಲಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಬರುತ್ತಿದ್ದರೆ ಒಳಗೆ ಮರಿ ಇದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ನೂರಾರು ನೊಣ ಪೆಟ್ಟಿಗೆಯ ಕಡೆಗೇ ಮುಖ ಮಾಡಿ ಮೇಲೆ ಕೆಳಗೆ ಹಾರಾಡಿದರೆ ಓಡಿಹೋಗುತ್ತಿಲ್ಲ. ಎಳೆಯ ನೊಣಗಳು ಮನೆ ಗುರುತು ಮಾಡಿಕೊಳ್ಳುತ್ತಿವೆ, ಅರ್ಧ ಗಂಟೆಯಲ್ಲಿ ಒಳಗೆ ಹೋಗುತ್ತವೆ. ಹಗ್ಗದ ಮೇಲಿನ ಬಿಳಿ ಪಂಚೆಗೆ ಹಳದಿ ಚುಕ್ಕಿ ಬಿದ್ದರೆ ಅದು ಅವುಗಳ ಬಹಿರ್ದೆಸೆ. ಮನೆಯಾಕೆಯ ಹತ್ತಿರ ನೀವೇ ಬೈಸಿಕೊಳ್ಳಬೇಕು.

ಪಾಲಾಗುವುದನ್ನು ತಡೆಯಬಹುದೇ?

ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿ ನೇತುಹಾಕಿದಂತೆ ಕಣಗಳು ಕಂಡರೆ ಅವು ರಾಣಿಕಣ. ಹಳೇ ರಾಣಿ ಅರ್ಧ ನೊಣ ಕಟ್ಟಿಕೊಂಡು ಹೊರಡುವ ತಯಾರಿ ಅದು. ತಡೆಯುವುದಕ್ಕಿಂತ ನೀವೇ ಪಾಲು ಮಾಡುವುದು ಜಾಣತನ. ಹಳೇ ರಾಣಿಯನ್ನು ಎರಡು ಮೂರು ಎರಿ, ಅದರ ಮೇಲಿನ ನೊಣದ ಸಮೇತ ಹೊಸ ಪೆಟ್ಟಿಗೆಗೆ ಹಾಕಿ ದೂರ ಇಡಿ. ಹಳೆಯದರಲ್ಲಿ ಒಂದೆರಡು ಒಳ್ಳೇ ರಾಣಿಕಣ ಬಿಟ್ಟು ಮಿಕ್ಕದ್ದು ಚಿವುಟಿ. ಆದರೆ ದುರಾಸೆಗೆ ಬಿದ್ದು ಒಂದನ್ನು ಮೂರು ಮಾಡಬೇಡಿ. ಮೂರು ಬಡ ಕುಟುಂಬ ಸೇರಿ ಒಂದು ಮಳೆಗಾಲ ದಾಟಲಾರವು, ಒಂದು ಗಟ್ಟಿ ಕುಟುಂಬ ದಾಟುತ್ತದೆ.

ಕುಟುಕಿದರೆ?

ಕೊಂಡಿಯ ಜೊತೆ ವಿಷದ ಚೀಲವೂ ಚರ್ಮದಲ್ಲೇ ಉಳಿದು ಒತ್ತುತ್ತಲೇ ಇರುತ್ತದೆ. ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಆ ಜಾಗದಿಂದ ಏಳುವ ವಾಸನೆ ಬಾಳೆಹಣ್ಣಿನ ಥರ ಇರುತ್ತದೆ, ಉಳಿದ ನೊಣಗಳಿಗೆ ಅದು "ಇಲ್ಲೇ ಹೊಡೀರಿ" ಎಂಬ ಕೂಗು. ಅದಕ್ಕೇ ಬಾಳೆಹಣ್ಣು ತಿಂದು ಪೆಟ್ಟಿಗೆ ಹತ್ತಿರ ಹೋಗಬಾರದು ಅನ್ನುವುದು. ಊತ, ತುರಿಕೆ ಎರಡು ದಿನದ ಮಾತು. ತುಟಿ ಬಾತು, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿದರೆ ಸುಣ್ಣ ಹಚ್ಚುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಹೆಜ್ಜೇನು ಎದ್ದರೆ ಕಥೆ ಬೇರೆ. ಮುಖ ಮುಚ್ಚಿಕೊಂಡು ನಿಲ್ಲದೆ ಓಡಿ, ಬಾಗಿಲಿರುವ ಮನೆಯೋ ಕಾರೋ ಹುಡುಕಿ. ಕೈ ಬೀಸಬೇಡಿ, ಕೆರೆಗೆ ಹಾರಬೇಡಿ, ತಲೆ ಎತ್ತುವುದನ್ನೇ ಕಾಯುತ್ತವೆ. ಸಜ್ಜದ ಕೆಳಗೆ ಕಟ್ಟಿದ ಹೆಜ್ಜೇನಿಗೆ ಬೆಂಕಿ ಇಡುವ ಅಭ್ಯಾಸ ಬಿಡಬೇಕು. ಹೂವಿನ ಕಾಲ ಮುಗಿದರೆ ಅವೇ ಎದ್ದು ಹೋಗುತ್ತವೆ.

ಕಾಫಿ ಹೂವಿನ ಹೊತ್ತು

ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಇನ್ನೊಂದು ಗಿಡದಿಂದ ಗಾಳಿಯೋ ನೊಣವೋ ತಂದುಕೊಡಬೇಕು. ಅರೇಬಿಕಾ ತಾನೇ ಕಟ್ಟುತ್ತದೆ, ನೊಣ ಬಂದರೆ ಇನ್ನೂ ಚೆನ್ನಾಗಿ ಕಟ್ಟುತ್ತದೆ. ಆದ್ದರಿಂದ ತುಪ್ಪ ಒಂದು ಬಾಟಲಿ ಬರದಿದ್ದರೂ ಪೆಟ್ಟಿಗೆ ದಂಡವಲ್ಲ ಅನ್ನುವುದು ನನ್ನ ಮಾತು.

ಕಾಫಿ ಹೂ ನಿಲ್ಲುವುದು ಮೂರು ನಾಲ್ಕು ದಿನ. ಅಷ್ಟರಲ್ಲೇ ಜೇನುಕೋಣೆ ತುಂಬುತ್ತದೆ ಎಂಬ ಕನಸು ಬೇಡ. ಆದರೆ ಹೂ ಬಿಡಿಸಲು ಒಬ್ಬರು ಈ ವಾರ ಸ್ಪ್ರಿಂಕ್ಲರ್ ನೀರು ಹಾಕಿದರೆ ಪಕ್ಕದವರು ಮುಂದಿನ ವಾರ ಹಾಕುತ್ತಾರೆ, ಹೂವು ತೋಟದಿಂದ ತೋಟಕ್ಕೆ ನಡೆಯುತ್ತದೆ. ತುಡುವೆ ಒಂದು ಕಿಲೋಮೀಟರಿನ ಆಸುಪಾಸು ಆರಾಮಾಗಿ ಹೋಗಿಬರುತ್ತದೆ. ಹೂ ಎಲ್ಲಿದೆ ಎಂದು ಎರಿಯ ಮೇಲೆ ಕುಣಿದು ಜೊತೆಯವಕ್ಕೆ ತಿಳಿಸುತ್ತದೆ, ಸೂರ್ಯನಿಗೆ ಯಾವ ಕೋನದಲ್ಲಿ, ಎಷ್ಟು ದೂರ ಎಂಬುದು ಆ ಕುಣಿತದಲ್ಲೇ ಇರುತ್ತದೆ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ನಮ್ಮ ತೋಟದಲ್ಲಿ ಹೂವಿಲ್ಲದಿದ್ದರೂ ಸಿಲ್ವರ್ ಓಕ್, ನೇರಳೆ, ಮತ್ತಿ, ಅಂಟುವಾಳ ಸರದಿಯ ಮೇಲೆ ಬಿಡುತ್ತವೆ. ನೆರಳಿನ ಮರ ಕಡಿಯುವಾಗ ಇವುಗಳಲ್ಲಿ ನಾಲ್ಕು ಉಳಿಸಿ.

ಹೂವಿರುವಾಗ ಔಷಧಿ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಸಂಜೆ, ನೊಣವೆಲ್ಲ ಗೂಡು ಸೇರಿದ ಮೇಲೆ. ಪಕ್ಕದ ತೋಟದವರಿಗೂ ಮುಂಚೆಯೇ ಹೇಳಿಡಿ. ಒಂದು ಬಾಟಲಿ ತುಪ್ಪ ಕೊಟ್ಟು ಹೇಳಿದರೆ ಮಾತು ಹೆಚ್ಚು ನೆನಪಿರುತ್ತದೆ.

ತುಪ್ಪ ತೆಗೆಯುವುದು

ಜೇನುಕೋಣೆಯ ಎರಿಯ ಮುಕ್ಕಾಲು ಪಾಲು ಮೇಣದ ಮುಚ್ಚಳ ಬಿದ್ದ ಮೇಲೆ ಮಾತ್ರ ತೆಗೆಯಿರಿ. ಮುಚ್ಚಳ ಬೀಳದ ತುಪ್ಪ ನೀರು ನೀರು, ಬಾಟಲಿಯಲ್ಲಿ ನೊರೆ ಬಂದು ಹುಳಿಯುತ್ತದೆ. ಬಿಸಿ ನೀರಲ್ಲಿ ಅದ್ದಿ ಒರೆಸಿದ ಚೂರಿಯಿಂದ ಮುಚ್ಚಳ ಹೆರೆದು, ಯಂತ್ರದಲ್ಲಿ ತಿರುಗಿಸಿ, ಖಾಲಿ ಎರಿ ವಾಪಸ್ ಕೊಡಿ. ಹಿಂಡಿದರೆ ಎರಿ ಹೋಯಿತು, ಮತ್ತೆ ಮೇಣ ಕಟ್ಟಲು ನೊಣಗಳಿಗೆ ಎಷ್ಟೋ ತುಪ್ಪ ಖರ್ಚು. ಒಂದು ಪೆಟ್ಟಿಗೆಯಿಂದ ವರ್ಷಕ್ಕೆ 5ರಿಂದ 10 ಕೆಜಿ ಬಂದರೆ ಅದು ಚೆನ್ನಾಗಿ ಸಾಕಿದ ಲೆಕ್ಕ. ಮೇ ಹದಿನೈದರ ಮೇಲೆ ನಾನು ತೆಗೆಯುವುದಿಲ್ಲ, ಸಂಸಾರ ಕೋಣೆಯ ತುಪ್ಪವನ್ನಂತೂ ಯಾವತ್ತೂ ಮುಟ್ಟುವುದಿಲ್ಲ.

ಚಳಿಗೆ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದಲ್ಲ, ಬೆಚ್ಚಗಿನ ನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಲೋಟದ ನೀರಿಗೆ ಹಾಕಿ ನೋಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಇವು ಯಾವುವೂ ಅಸಲಿ ನಕಲಿ ಹೇಳುವುದಿಲ್ಲ. ಒಂದು ವರ್ಷ ತುಂಬದ ಮಗುವಿಗೆ, ಎಷ್ಟೇ ಶುದ್ಧವಿರಲಿ, ನೆಕ್ಕಿಸಬೇಡಿ.

ಸಕಲೇಶಪುರ, ಆಲೂರು ಕಡೆಯವರು ಕೇಳುವ ಪ್ರಶ್ನೆ ಒಂದಿದೆ: ಪೆಟ್ಟಿಗೆ ಇಟ್ಟರೆ ಆನೆ ಬರುವುದಿಲ್ಲವಂತೆ, ಹೌದಾ? 2021ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಕೊಡಗಿನಲ್ಲಿ, ನಾಗರಹೊಳೆ ಅಂಚಿನಲ್ಲಿ ಹಾಗೆ ಪೆಟ್ಟಿಗೆ ಬೇಲಿ ಮಾಡಿತ್ತು. ಆದರೆ ನಮ್ಮ ತುಡುವೆ ಆಫ್ರಿಕಾದ ಜೇನಿನಷ್ಟು ಮುಂಗೋಪಿಯಲ್ಲ. ಆನೆಗಾಗಿಯೇ ಪೆಟ್ಟಿಗೆ ಕೊಳ್ಳಿ ಎಂದು ನಾನಂತೂ ಹೇಳಲಾರೆ.

ಜೂನ್‌ನಿಂದ ಆಗಸ್ಟ್

ಮೃಗಶಿರಾ ಹಿಡಿಯುವ ಮೊದಲೇ ಜೇನುಕೋಣೆ ಕೆಳಗಿಳಿಸಿ. ನೊಣ ಮುಚ್ಚದ ಎರಿಗಳನ್ನೆಲ್ಲ ಹೊರಗೆ ತೆಗೆಯಿರಿ. ಮೇಣದ ಹುಳು ಮೊಟ್ಟೆ ಇಡುವುದು ಕಾವಲಿಲ್ಲದ ಎರಿಯಲ್ಲಿ. ಐದು ಎರಿಯ ನೊಣಕ್ಕೆ ಐದೇ ಎರಿ. ತೆಗೆದದ್ದನ್ನು ಫ್ರೀಜರ್‌ನಲ್ಲಿ ಎರಡು ದಿನ ಇಟ್ಟು, ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಡಿ. ಪೆಟ್ಟಿಗೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಿ, ಒಳಗೆ ಬಿದ್ದ ನೀರು ಬಾಗಿಲಿಂದಲೇ ಹೊರಗೆ ಹೋಗಲಿ. ಬಾಗಿಲು ಕಿರಿದು ಮಾಡಿ. ಮೇಲೆ ತಗಡು, ತಗಡಿನ ಮೇಲೆ ಕಲ್ಲು.

ಎರಡು ಬಡ ಕುಟುಂಬವಿದ್ದರೆ ಈಗಲೇ ಸೇರಿಸಿ. ಸೊರಗಿದ ರಾಣಿಯನ್ನು ತೆಗೆದು, ಒಂದರ ಸಂಸಾರ ಕೋಣೆಯ ಮೇಲೆ ನ್ಯೂಸ್‌ಪೇಪರ್ ಹಾಸಿ, ಮೊಳೆಯಲ್ಲಿ ನಾಲ್ಕು ತೂತು ಮಾಡಿ, ಮೇಲೆ ಇನ್ನೊಂದನ್ನು ಇಡಿ. ಕಾಗದ ಕಡಿದು ಮುಗಿಸುವ ಹೊತ್ತಿಗೆ ಎರಡರ ವಾಸನೆಯೂ ಒಂದಾಗಿ ಜಗಳ ಇರುವುದಿಲ್ಲ.

ಸಕ್ಕರೆ ಪಾಕ ಕೊಡುವ ಕ್ರಮ ಹೀಗೆ: ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಬಿಸಿ ನೀರಲ್ಲಿ ಕರಗಿಸಿ ಆರಿಸಿ. ತೆಂಗಿನ ಕರಟದಲ್ಲಿ ಹಾಕಿ, ನೊಣ ಮುಳುಗದಂತೆ ಮೇಲೆ ಹುಲ್ಲುಕಡ್ಡಿ ಬಿಟ್ಟು, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೆ ಇಡಿ. ವಾರಕ್ಕೊಮ್ಮೆ, ಎಲ್ಲ ಪೆಟ್ಟಿಗೆಗೂ ಒಂದೇ ದಿನ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ಟರೆ, ಇಲ್ಲವೇ ಹೊರಗೆ ಒಂದು ತೊಟ್ಟು ಚೆಲ್ಲಿದರೆ ಬಲದ ಕುಟುಂಬ ಬಡವರ ಮನೆಗೆ ನುಗ್ಗಿ ದೋಚುತ್ತದೆ. ಜೇನುಕೋಣೆ ಮೇಲಿರುವಾಗ ಪಾಕ ಕೊಡಬೇಡಿ, ಅದು ತುಪ್ಪಕ್ಕೆ ಸೇರಿದರೆ ಕಲಬೆರಕೆಯೇ.

ಪುಷ್ಯ, ಆಶ್ಲೇಷದಲ್ಲಿ ಎರಿ ಎತ್ತಿ ನೋಡುವ ಹಾಗಿಲ್ಲ. ಮರಿಗೆ ಚಳಿ ಬಡಿಯುತ್ತದೆ. ಮಳೆ ನಿಂತ ಗಳಿಗೆಯಲ್ಲಿ ಪೆಟ್ಟಿಗೆಯ ಪಕ್ಕಕ್ಕೆ ಕಿವಿಯಿಟ್ಟು ಬೆರಳಿನಿಂದ ಒಂದು ಸಲ ತಟ್ಟಿ. "ಹಶ್" ಎಂದು ಒಟ್ಟಿಗೆ ಎದ್ದು ತಕ್ಷಣ ಅಡಗಿದರೆ ಚೆನ್ನಾಗಿವೆ. ಅಳುವಂತೆ ಎಳೆದು ಎಳೆದು ಗುಂಯ್‌ಗುಟ್ಟಿದರೆ ರಾಣಿ ಇಲ್ಲವೇನೋ ಎಂಬ ಅನುಮಾನ. ಏನೂ ಕೇಳದಿದ್ದರೆ ಮುಚ್ಚಳ ತೆಗೆಯಿರಿ.

ಗೌರಿ ಹಬ್ಬದ ಆಚೆಈಚೆ, ದಾರಿಬದಿಯಲ್ಲಿ ಕರ್ಣಕುಂಡಲ ಬಿಟ್ಟಿರುವಾಗ, ಬಿಸಿಲು ಬಿದ್ದ ಮೊದಲ ದಿನ ಅಡಿಮಣೆಯನ್ನು ಕೆರೆದು ಒರೆಸಿ. ಮೇಣದ ಹೊಟ್ಟು, ಸತ್ತ ನೊಣ ಗುಡಿಸಿ ದೂರ ಎಸೆಯಿರಿ. ಎರಿಯಲ್ಲಿ ಮೊಟ್ಟೆ ಕಂಡರೆ ಕಟ್ಟಿಟ್ಟ ಎರಿಗಳಲ್ಲಿ ಒಂದನ್ನು ಬಿಚ್ಚಿ, ಗಾಳಿಗಿಟ್ಟು, ಬದಿಗೆ ಸೇರಿಸಿ. ಇನ್ನೊಂದು ಎರಿ ಹದಿನೈದು ದಿನ ಬಿಟ್ಟು.